ಜಿಲಾನಿ ಅರ್ಧಕ್ಕೆ ಬಿಟ್ಟ ಇಲಾಜು

ಗಂಡನ ಧೋತರಗಳನ್ನು ಬಸ್ಸಮ್ಮ ಬೇರೆ ಬಕೆಟ್‌ನಲ್ಲಿ ನೆನೆಸಲು ಶುರು ಮಾಡಿ ಆರು ತಿಂಗಳಾಗಿತ್ತು. ಅವು ಯಾಕೆ ಒದ್ದೆಯಾಗುತ್ತವೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಶಹಾಬಾದದ ಆ ಓಣಿಯಲ್ಲಿ ಗಂಡಸರ ಮೂತ್ರದ ಮಾತನ್ನು ಹೆಂಗಸರು ಎತ್ತುವುದಿಲ್ಲ. ಧೋತರ ಒಗೆಯುತ್ತಾರೆ, ಒಣಹಾಕುತ್ತಾರೆ, ಮಡಚಿಡುತ್ತಾರೆ. ಅಷ್ಟೇ.

ಒಂದು ಮುಂಜಾನೆ ದೇವೀಂದ್ರಪ್ಪನಿಗೆ ಮೂತ್ರ ಕಟ್ಟಿಯೇ ಬಿಟ್ಟಿತು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಾರ್ಖಾನೆಯಲ್ಲಿ ಲಾರಿಗೆ ಕಲ್ಲು ಏರಿಸುತ್ತಿದ್ದವನು ಹೊಟ್ಟೆ ಹಿಡಿದುಕೊಂಡು ಕುಳಿತ. ಕಲಬುರಗಿಯ ಆಸ್ಪತ್ರೆಗೆ ಒಯ್ದರು. ನಳಿಕೆ ಹಾಕಿ ಮೂತ್ರ ತೆಗೆದರು. ಆಮೇಲೆ ರಕ್ತ ಪರೀಕ್ಷೆ, ಚೂರು ಮಾಂಸ ತೆಗೆದು ಇನ್ನೊಂದು ಪರೀಕ್ಷೆ, ಎಲುಬಿನ ಸ್ಕ್ಯಾನ್. ಎಲ್ಲ ಮುಗಿದ ಮೇಲೆ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಮೂತ್ರಚೀಲದ ಕೆಳಗೆ ಗಂಡಸರಿಗೆ ಪ್ರಾಸ್ಟೇಟ್ ಎಂಬ ಸಣ್ಣ ಗ್ರಂಥಿ ಇರುತ್ತದೆ. ಅದರಲ್ಲಿ ಕ್ಯಾನ್ಸರ್ ಆಗಿದೆ. ಜೋರಾಗಿ ಬೆಳೆಯುವ ಜಾತಿಯದು. ಆದರೆ ಎಲುಬಿಗೆ ಇನ್ನೂ ಹೋಗಿಲ್ಲ. ಮೂರು ತಿಂಗಳಿಗೊಂದು ಹಾರ್ಮೋನ್ ಇಂಜೆಕ್ಷನ್ ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ತೆಗೆದುಕೊಳ್ಳಬೇಕು. ಜೊತೆಗೆ ವಿಕಿರಣ ಚಿಕಿತ್ಸೆ. ಎರಡೂ ಬೇಕು.

ದೇವೀಂದ್ರಪ್ಪ ಮೊದಲ ಇಂಜೆಕ್ಷನ್ ಚುಚ್ಚಿಸಿಕೊಂಡ. ಊರಲ್ಲಿ ಮಾತ್ರ ಕಿಡ್ನಿಯಲ್ಲಿ ಹರಳಾಗಿತ್ತು ಎಂದು ಹೇಳಿದ. ಮೂರು ತಿಂಗಳಿಗೆ ಎರಡನೆಯದನ್ನೂ ಹಾಕಿಸಿಕೊಂಡ. ಅಂದೇ ಮತ್ತೆ ರಕ್ತ ಪರೀಕ್ಷೆ ಆಯಿತು. ಪಿಎಸ್‌ಎ ಎಂಬ ನಂಬರು ಮೂವತ್ತೆಂಟು ಇದ್ದದ್ದು ಎರಡಕ್ಕೆ ಇಳಿದಿತ್ತು. ಮುಂದಿನ ಸೋಮವಾರ ವಿಕಿರಣಕ್ಕೆ ಬನ್ನಿ ಎಂದು ಆಸ್ಪತ್ರೆಯವರು ಚೀಟಿ ಬರೆದುಕೊಟ್ಟರು. ಮನೆಗೆ ಬಂದವನೇ ಆ ಚೀಟಿಯನ್ನು ಗೋಡೆಯ ಮಾಡದಲ್ಲಿಟ್ಟು, "ಇನ್ನ ನಾ ಎಲ್ಲೂ ಹೋಗಂಗಿಲ್ಲ" ಎಂದ.

ಬಸ್ಸಮ್ಮ ನಾಲ್ಕು ದಿನ ಸುಮ್ಮನಿದ್ದಳು. ಐದನೆಯ ದಿನ ಆಶಾ ಕಾರ್ಯಕರ್ತೆ ನಾಗರತ್ನಾಳನ್ನು ಮನೆಗೆ ಕರೆತಂದಳು.

"ಬಾರವ್ವ, ಕುಂದರು" ಎಂದ ದೇವೀಂದ್ರಪ್ಪ. "ಯಾರಿಗೆ ಡೋಸ್ ಹಾಕ್ಲಿಕ್ಕೆ ಬಂದಿ? ಈ ಮನ್ಯಾಗ ಕೂಸಿಲ್ಲ."

"ನೀವೇ ಕೂಸು ಆಗೀರಲ್ಲ ಕಾಕಾ" ಎಂದಳು ನಾಗರತ್ನಾ. "ಹಟ ಮಾಡ್ಲಿಕತ್ತೀರಂತ."

"ನಂಬರ್ ಇಳೀತಲ್ಲ! ಮೂವತ್ತೆಂಟರಿಂದ ಎರಡಕ್ಕ. ಇನ್ನೇನ್ ಇಳಿಸ್ತೀರಿ? ರೋಗ ಹೋದ ಮ್ಯಾಲ ಮೈ ಸುಡಸ್ಕೊಳ್ಳೋದು ಎದಕ?"

"ರೋಗ ಹೋಗಿಲ್ಲ ಕಾಕಾ. ಸೊರಗ್ಯದ ಅಷ್ಟೇ. ನೋಡ್ರಿ, ಗಂಡಸರ ಮೈಯಾಗ ಒಂದು ಹಾರ್ಮೋನ್ ಇರ್ತದ. ಈ ಗಡ್ಡಿ ಅದನ್ನ ಉಂಡೇ ಬೆಳೀತದ. ಇಂಜೆಕ್ಷನ್ ಅದರ ಊಟ ನಿಲ್ಲಸ್ತದ. ಹಸಿದು ಸಣ್ಣದಾಗ್ತದ, ಅದಕ್ಕೇ ನಂಬರ್ ಇಳೀತದ. ಹಿಂಗ ಸೊರಗಿದಾಗ ರೇಡಿಯೇಶನ್ ಕೊಟ್ರ ಅದು ಕುಂತ ಜಾಗಾದಾಗೇ ಸಾಯ್ತದ. ಖಾಲಿ ಇಂಜೆಕ್ಷನ್ ಮ್ಯಾಲೆ ಬಿಟ್ರ, ಒಂದಿನ ಅದು ಊಟ ಇಲ್ಲದಂಗೇ ಬದುಕೋದು ಕಲೀತದ. ಆಮ್ಯಾಲ ಎಲುಬಿಗೆ ಹೋಗ್ತದ."

"ಊಟ ನಿಲ್ಲಿಸಿದ್ದು ಗಡ್ಡಿಗಲ್ಲ, ನಂಗ" ಎಂದ ದೇವೀಂದ್ರಪ್ಪ. ಅವನ ಹಣೆಯ ಮೇಲೆ ಒಮ್ಮೆಗೇ ಬೆವರು ಒಡೆಯಿತು. ಇಂಜೆಕ್ಷನ್ ಶುರುವಾದಾಗಿನಿಂದ ಹೀಗೇ. ನೆರಳಲ್ಲಿ ಕುಳಿತರೂ ಮೈ ಬೆಂಕಿಯಾಗುತ್ತದೆ, ಆಮೇಲೆ ತಣ್ಣಗಾಗುತ್ತದೆ. "ಕಾರ್ಖಾನ್ಯಾಗ ಹಾಜಿಮಲಂಗ್ ಏನಂತಾನ ಗೊತ್ತೇನು? ಯಾಕೋ ದೇವೀಂದ್ರಪ್ಪ, ಬಸರಾಗೀಯೇನು, ಕುಂತಲ್ಲೇ ಬೆವರಾಕತ್ತೀ ಅಂತಾನ. ಹೋರಿ ಹಿಡಿದು ಎತ್ತು ಮಾಡಿದಂಗ ಮಾಡ್ಯಾರ ನನ್ನ."

ನಾಗರತ್ನಾ ನೆಲ ನೋಡಿದಳು. ಆದರೆ ಮಾತು ನುಂಗಲಿಲ್ಲ. "ಖರೇ ಅದ ಕಾಕಾ. ಬೆವರು ಬರ್ತದ, ದಣಿವಾಗ್ತದ, ಗಂಡಹೆಂಡ್ತಿ ಆಸೆ ಕಡಿಮಿ ಆಗ್ತದ, ಎಲುಬು ಸವೀತಾವ. ನಾ ಸುಳ್ಳು ಹೇಳಂಗಿಲ್ಲ. ಅದನ್ನೆಲ್ಲ ಡಾಕ್ಟರ್‌ಗೆ ಹೇಳ್ರಿ. ತಡಕೊಳ್ಳೋಹಂಗ ಮಾಡಿ ಕೊಡ್ತಾರ. ಇಂಜೆಕ್ಷನ್ ನಿಂತ ಮ್ಯಾಲ ಭಾಳ ಮಂದಿಗೆ ನಿಧಾನಕ್ಕ ಕಡಿಮಿನೂ ಆಗ್ತದ."

"ಗಂಡಸುತನ ತಗೊಂಡು ನಾ ಏನ್ ಮಾಡ್ಲಿ?" ಎಂದಳು ಬಸ್ಸಮ್ಮ ಒಲೆಯ ಕಡೆಯಿಂದ. "ನಂಗ ಗಂಡ ಬೇಕು."

ನಾಗರತ್ನಾ ಇನ್ನೊಂದು ದಾರಿ ಹಿಡಿದಳು.

"ಕಾಕಾ, ನಾಲ್ಕು ಫೂಟಿನ ದಪ್ಪ ಫರಸಿ ನೀವೊಬ್ರೇ ಎತ್ತಿ ಲಾರಿಗೆ ಇಡ್ತೀರೇನು? ಜೋಡಿ ಬೇಕಲ್ಲ? ಒಬ್ಬ ಕೈ ಬಿಟ್ರ ಇನ್ನೊಬ್ಬನ ಕಾಲ ಮ್ಯಾಲೆ ಬೀಳ್ತದ. ಈ ಇಲಾಜೂ ಜೋಡಿ ಇಲಾಜೇ."

ಜೋಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ದೇವೀಂದ್ರಪ್ಪ ಎದ್ದುನಿಂತ. ಹೆಗಲ ಮೇಲಿನ ಟವೆಲ್ ಝಾಡಿಸಿದ. "ಜೋಡಿ ವಿಚಾರ ನೀ ನಂಗ ಹೇಳಬ್ಯಾಡ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

"ನಾ ಏನ್ ತಪ್ಪು ಮಾತಾಡಿದೆ ಕಾಕಿ?" ನಾಗರತ್ನಾ ಗಾಬರಿಯಾದಳು.

"ತಪ್ಪು ನಿಂದಲ್ಲ ತಂಗಿ" ಎಂದಳು ಬಸ್ಸಮ್ಮ.

ತಪ್ಪು ಯಾರದೆಂದು ಅವಳಿಗೆ ಗೊತ್ತಿತ್ತು.

ಇಪ್ಪತ್ತಾರು ವರ್ಷ ದೇವೀಂದ್ರಪ್ಪನ ಜೋಡಿ ಎಂದರೆ ಜಿಲಾನಿ. ಫರಸಿ ಏರಿಸುವ ಕೆಲಸದಲ್ಲಿ ಹೆಸರು ಒಬ್ಬೊಬ್ಬರದು ಇರುವುದಿಲ್ಲ, ಜೋಡಿಯದು ಇರುತ್ತದೆ. ದೇವೀಂದ್ರ-ಜಿಲಾನಿ ಜೋಡಿ ಬಂತೇನು ಎಂದು ಕೇಳುತ್ತಿದ್ದರು. ಭಾರದ ತುದಿಯನ್ನು ಯಾವಾಗಲೂ ಜಿಲಾನಿ ಹಿಡಿಯುತ್ತಿದ್ದ. ಒಬ್ಬ ಬರದಿದ್ದರೆ ಇನ್ನೊಬ್ಬನಿಗೂ ಅವತ್ತು ಕೆಲಸವಿಲ್ಲ. ನಾಲ್ಕು ದಿನ ಬರದಿದ್ದರೆ ಆ ಜಾಗಕ್ಕೆ ಬೇರೆ ಜೋಡಿ ಬಂದು ನಿಲ್ಲುತ್ತದೆ.

ಮೂರು ವರ್ಷದ ಹಿಂದೆ ಜಿಲಾನಿಗೆ ಇದೇ ರೋಗ ಬಂದಿತ್ತು. ಡಾಕ್ಟರು ಇದನ್ನೇ ಹೇಳಿದ್ದರು, ಇಂಜೆಕ್ಷನ್ನೂ ಬೇಕು, ವಿಕಿರಣವೂ ಬೇಕು ಎಂದು. ಜಿಲಾನಿಯ ನಂಬರೂ ಹೀಗೇ ಸರ್ರನೆ ಇಳಿದಿತ್ತು. ವಿಕಿರಣದ ತಾರೀಖು ಬಂದಾಗ ಅವನು ಚೀಟಿ ಹಿಡಿದುಕೊಂಡು ಇದೇ ಪಡಸಾಲೆಗೆ ಬಂದಿದ್ದ. ತಿಂಗಳುಗಟ್ಟಲೆ ದಿನಾ ಹೋಗಬೇಕಂತೆ, ಏನು ಮಾಡಲಿ ದೇವ್ಯಾ ಎಂದು ಕೇಳಿದ್ದ.

ಅದು ಲಾರಿಗಳು ಸಾಲುಗಟ್ಟಿ ನಿಲ್ಲುವ ಬೇಸಿಗೆ. ಜೋಡಿ ಮುರಿಯುವ ಹೊತ್ತಲ್ಲ. ದೇವೀಂದ್ರಪ್ಪ ನಕ್ಕು ಅಂದಿದ್ದ: "ನಂಬರ್ ಇಳೀತಲ್ಲೋ ಮಾರಾಯ. ಡಾಕ್ಟರ್ ಮಂದಿ ಹಂಗೇ ಹೆದರಸ್ತಾರ. ಈ ಸೀಜನ್ ಮುಗೀಲಿ, ಆಮ್ಯಾಲ ನೋಡೋಣ."

ಬಸ್ಸಮ್ಮ ಆಗ ಇಬ್ಬರಿಗೂ ಚಹಾ ಸೋಸುತ್ತಿದ್ದಳು. ಅವಳ ಕೈ ಒಂದು ಕ್ಷಣ ನಿಂತಿತ್ತು. ಹೋಗಿ ಬರಲಿ ಬಿಡ್ರಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಗಂಡಸರ ಮಾತು ಎಂದು ನುಂಗಿಕೊಂಡಳು.

ಸೀಜನ್ ಮುಗಿಯಿತು. ಜಿಲಾನಿ ಗಟ್ಟಿಯಾಗಿಯೇ ಇದ್ದ. ಚೆನ್ನಾಗಿದ್ದವನಿಗೆ ಆಸ್ಪತ್ರೆ ನೆನಪಾಗಲಿಲ್ಲ. ಇಂಜೆಕ್ಷನ್ ಕೂಡ ಬಿಟ್ಟ. ವರ್ಷ ಕಳೆದ ಮೇಲೆ ಬೆನ್ನು ನೋವು ಬಂತು. ಕಲ್ಲು ಎತ್ತುವವರಿಗೆ ಬೆನ್ನು ನೋಯದೆ ಇರುತ್ತದೆಯೇ ಎಂದು ಎಣ್ಣೆ ಹಚ್ಚಿ ತಿಕ್ಕಿಸಿಕೊಂಡ. ಆಮೇಲೆ ಕಾಲು ಸೋತವು. ರೋಗ ಬೆನ್ನೆಲುಬಿನಲ್ಲಿ ಕುಳಿತಿತ್ತು.

ಅವನು ಹಾಸಿಗೆ ಹಿಡಿದು ಎಂಟು ತಿಂಗಳು. ಈ ಎಂಟು ತಿಂಗಳಲ್ಲಿ ದೇವೀಂದ್ರಪ್ಪ ಒಮ್ಮೆಯೂ ಪಕ್ಕದ ಓಣಿಯ ಆ ಮನೆಗೆ ಹೋಗಲಿಲ್ಲ. ಹಾಲು, ಹಣ್ಣು ಬಸ್ಸಮ್ಮನ ಕೈಯಲ್ಲಿ ಕಳಿಸುತ್ತಿದ್ದ. ತನಗೂ ಅದೇ ರೋಗ ಬಂದಿದೆ ಎಂದು ಹೇಳಲು ಅವಳನ್ನೂ ಬಿಡಲಿಲ್ಲ.

ಸೋಮವಾರಕ್ಕೆ ಇನ್ನು ಎರಡೇ ದಿನ. ಬಸ್ಸಮ್ಮ ನಾಲ್ಕು ಬಿಸಿ ರೊಟ್ಟಿ ಕಟ್ಟಿಕೊಂಡು ಜಿಲಾನಿಯ ಮನೆಗೆ ಹೋದಳು. ಅವನ ಹೆಂಡತಿ ಅಮೀರ್ಬೀ ಅಂಗಳದಲ್ಲಿ ಅವನ ಹಾಸಿಗೆಯ ದುಪ್ಪಟಿ ಹಿಂಡುತ್ತಿದ್ದಳು.

"ಬಾಬಿ, ಒಂದು ಮಾತದ."

"ಹೇಳು."

ಬಸ್ಸಮ್ಮ ಹೇಳಿದಳು. ಎಲ್ಲ ಹೇಳಿದಳು. ಮೂರು ವರ್ಷದ ಹಿಂದಿನ ಚಹಾದ ಹೊತ್ತಿನ ಮಾತನ್ನೂ, ತಾನು ಸುಮ್ಮನಿದ್ದದ್ದನ್ನೂ ಹೇಳಿದಳು.

ಅಮೀರ್ಬೀ ದುಪ್ಪಟಿ ಹಿಂಡುವುದನ್ನು ನಿಲ್ಲಿಸಲಿಲ್ಲ. ನೀರು ಪೂರ್ತಿ ಹೋದ ಮೇಲೂ ಹಿಂಡುತ್ತಲೇ ಇದ್ದಳು.

"ಆ ಮಾತು ನಂಗ ಗೊತ್ತದ" ಎಂದಳು ಕಡೆಗೆ. "ಅವತ್ತೇ ಬಂದು ಹೇಳಿದ್ದ. ದೇವ್ಯಾ ಬ್ಯಾಡ ಅಂದ ಅಂತ. ನಾ ಹೇಳಿದ್ದು ಕೇಳಲಿಲ್ಲ, ನಿನ್ನ ಗಂಡ ಹೇಳಿದ್ದು ಕೇಳಿದ. ಅವನಿಗೂ ಬಂತೇನು ಈಗ?"

"ಬಂತು."

"ನಂಗ ಖುಷಿ ಆಗ್ಬೇಕಾಗಿತ್ತು ಬಸ್ಸಮ್ಮ. ಎಷ್ಟು ದಿನ ದುವಾ ಬದಲು ಶಾಪ ಹಾಕೀನಿ ಅವನಿಗೆ." ಅಮೀರ್ಬೀ ದುಪ್ಪಟಿಯನ್ನು ಹಗ್ಗದ ಮೇಲೆ ಎಸೆದಳು. "ಖುಷಿ ಆಗ್ಲಿಲ್ಲ ನೋಡು. ಅದಕ್ಕೂ ಸಿಟ್ಟು ಬರಾಕತ್ತದ."

ಒಳಗಿನಿಂದ ಜಿಲಾನಿಯ ಧ್ವನಿ ಬಂತು. ಎಲ್ಲ ಕೇಳಿಸಿಕೊಂಡಿದ್ದ. "ವೈನಿ, ಅವನ್ನ ಕರಕೊಂಡು ಬರ್ರಿ. ಬರಲಿಲ್ಲಂದ್ರ ಹೊತ್ತು ತರ್ರಿ."

ಬಸ್ಸಮ್ಮ ಮನೆಗೆ ಬಂದು ಗಂಡನ ಮುಂದೆ ನಿಂತಳು. "ಜಿಲಾನಣ್ಣಗ ಹೇಳಿ ಬಂದೀನಿ."

ದೇವೀಂದ್ರಪ್ಪನ ಕೈಯಲ್ಲಿದ್ದ ತಂಬಿಗೆ ಗೋಡೆಗೆ ಹೋಗಿ ಬಡಿಯಿತು. ಯಾರು ಹೇಳು ಅಂದರು ನಿನಗೆ ಎಂದು ಕೂಗಿದ. ಬಾಯಿಗೆ ಬಂದದ್ದೆಲ್ಲ ಅಂದ. ಅವಳು ತಂಬಿಗೆ ಎತ್ತಿಟ್ಟಳು, ಚೆಲ್ಲಿದ ನೀರು ಒರೆಸಿದಳು. ಮುಗಿಯುವವರೆಗೆ ಕಾದಳು.

"ಬೈದಾಯ್ತೇನು? ಅಂಗಿ ಹಾಕ್ಕೊರಿ. ಕಾಯಾಕತ್ತಾರ ಅವರು."

ಜಿಲಾನಿ ಹೊರಸಿನ ಮೇಲೆ ಅಂಗಾತ ಮಲಗಿದ್ದ. ಎಂಟು ತಿಂಗಳ ಹಿಂದಿನ ಮನುಷ್ಯನ ಮೂಗು, ಕಣ್ಣು ಅಷ್ಟೇ ಉಳಿದಿದ್ದವು. ದೇವೀಂದ್ರಪ್ಪ ಬಾಗಿಲಲ್ಲೇ ನಿಂತ.

"ಏನೋ ದೇವ್ಯಾ, ದಾರಿ ತಪ್ಪೀಯೇನು?" ಎಂದ ಜಿಲಾನಿ. "ಕಿಡ್ನ್ಯಾಗ ಹರಳು ಅಂತ! ಜೀವನಾ ಎಲ್ಲಾ ಕಲ್ಲು ಹೊತ್ತಿ, ಸುಳ್ಳು ಹೇಳಲಿಕ್ಕೂ ಕಲ್ಲೇ ಬೇಕಾಯ್ತೇನು?"

ದೇವೀಂದ್ರಪ್ಪ ಒಂದು ಹೆಜ್ಜೆ ಒಳಗೆ ಬಂದ. "ಜಿಲಾನಿ, ನಂದು..."

"ಆ ಮಾತು ಆಮ್ಯಾಲ" ಎಂದಳು ಅಮೀರ್ಬೀ ನಡುವೆ ಬಂದು. "ಹೊರಳಿಸೋ ಹೊತ್ತಾಯ್ತು. ಬೆನ್ನಿಗೆ ಹುಣ್ಣಾಗ್ಯಾವ. ದಿನಾ ನಾ ಒಬ್ಬಾಕಿನೇ ಮಾಡ್ತೀನಿ. ಇವತ್ತು ನೀ ಹಿಡಿ."

ದೇವೀಂದ್ರಪ್ಪ ಹೆಗಲ ಕಡೆ ಹಿಡಿದ, ಅವಳು ಸೊಂಟ ಹಿಡಿದಳು. ಕಲ್ಲು ಎತ್ತುವಾಗಿನ ಅಭ್ಯಾಸಕ್ಕೆ ಅವನ ಬಾಯಿಂದ ತಾನಾಗಿಯೇ "ಏಕ್, ದೋ" ಎಂದು ಬಂತು. ಕಾಲು ಊರಿ, ಉಸಿರು ಬಿಗಿಹಿಡಿದು ಎತ್ತಿದ. ಅಷ್ಟು ಬಲ ಬೇಕಿರಲಿಲ್ಲ. ಜಿಲಾನಿ ಒಣ ಕಟ್ಟಿಗೆಯಂತೆ ಮೇಲೆ ಬಂದುಬಿಟ್ಟ. ನೋವಿಗೆ ಹಲ್ಲು ಕಚ್ಚಿದ.

"ಹಗುರ ಆಗೀನಿ ಅಲ್ಲ?" ಎಂದ ಮಗ್ಗುಲಾದ ಮೇಲೆ. "ಜೋಡಿ ಬೇಕಾಗಿಲ್ಲ ಈಗ."

ದೇವೀಂದ್ರಪ್ಪ ಹೊರಸಿನ ಕಾಲು ಹಿಡಿದುಕೊಂಡು ನೆಲದ ಮೇಲೆ ಕುಳಿತ. "ಮಾಫ್ ಮಾಡು ಬಾಬಿ. ನಾನೇ ಬ್ಯಾಡ ಅಂದೆ."

"ಮಾಫಿ ಕೇಳಬ್ಯಾಡ. ನನ್ನ ಹತ್ರ ಇಲ್ಲ ಅದು" ಎಂದಳು ಅಮೀರ್ಬೀ. ಅವಳ ದನಿ ಏರಲಿಲ್ಲ. "ಕೇಳು. ಎರಡೂ ಇಲಾಜು ಟೈಮಿಗೆ ತಗೊಂಡಿದ್ರ ಉಳೀತಿದ್ನೇನ್ರಿ ಅಂತ ಡಾಕ್ಟರ್‌ಗೆ ಕೇಳೀನಿ ನಾ. ಖಾತ್ರಿ ಯಾರೂ ಹೇಳಂಗಿಲ್ಲಮ್ಮ, ಆದ್ರ ಛಾನ್ಸ್ ಭಾಳ ಇತ್ತು ಅಂದ್ರು. ಆ ಛಾನ್ಸ್ ಇವನ ಕೈಯಾಗ ಇತ್ತು, ಹೋಯ್ತು. ನಿನ್ನ ಕೈಯಾಗ ಇನ್ನೂ ಅದ. ಎಲುಬಿಗೆ ಹೋಗಿಲ್ಲಂತಲ್ಲ?"

"ಇಲ್ಲ."

"ಮತ್ತ ಏನ್ ನೋಡಾಕತ್ತಿ? ಬಸ್ಸಮ್ಮನೂ ನನ್ಹಂಗ ದುಪ್ಪಟಿ ಒಗೀಲಿ ಅಂತೇನು?"

ಜಿಲಾನಿ ಕಣ್ಣು ಮುಚ್ಚಿಕೊಂಡೇ ಅಂದ: "ನಾ ನಿನ್ನ ಮಾತು ಕೇಳಿದೆ ದೇವ್ಯಾ. ಈಗ ನೀ ನನ್ನ ಮಾತು ಕೇಳು. ಸೋಮವಾರ ಹೋಗು."

ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಕಲಬುರಗಿಯ ಪ್ಯಾಸೆಂಜರ್ ಗಾಡಿ ಹತ್ತಿದರು.

ವಿಕಿರಣ ಎಂದರೆ ಬೆಂಕಿ ಎಂದುಕೊಂಡಿದ್ದ ದೇವೀಂದ್ರಪ್ಪನಿಗೆ ಮೊದಲ ದಿನ ಏನೂ ಆಗಲಿಲ್ಲ. ಹೊಟ್ಟೆಯ ಕೆಳಭಾಗದ ಅಳತೆ ತೆಗೆದು ಗುರುತು ಹಾಕಿ ಕಳಿಸಿದರು. ಕೆಲವು ದಿನ ಬಿಟ್ಟು ಚಿಕಿತ್ಸೆ ಶುರುವಾಯಿತು. ವಾರಕ್ಕೆ ಐದು ದಿನ, ನಾಲ್ಕು ವಾರ. ಕೆಲವರಿಗೆ ಏಳೆಂಟು ವಾರವೂ ಆಗುತ್ತದಂತೆ, ಅದು ರೋಗ ನೋಡಿ ಡಾಕ್ಟರು ಹೇಳುವ ಲೆಕ್ಕ. ಹೋಗಿ ಮಲಗಬೇಕು, ಅಲುಗಾಡಬಾರದು. ಯಂತ್ರ ಸುತ್ತ ತಿರುಗುತ್ತದೆ. ಕೆಲವೇ ನಿಮಿಷ. ಉರಿಯಿಲ್ಲ, ನೋವಿಲ್ಲ. ಕಷ್ಟವೆಲ್ಲ ಅದಕ್ಕೆ ಮೊದಲು. ನೀರು ಕುಡಿದು ಮೂತ್ರ ತಡೆದುಕೊಂಡು ಕೂರಬೇಕು. ಅಕ್ಕಪಕ್ಕದ ಭಾಗಕ್ಕೆ ಪೆಟ್ಟಾಗದಿರಲಿ ಎಂದು.

"ಮೊದ್ಲು ಉಚ್ಚಿ ಹೋಗಂಗಿಲ್ಲ ಅಂತ ಆಸ್ಪತ್ರೆಗೆ ಬಂದೆ. ಈಗ ಹೋಗಬ್ಯಾಡ ಅಂತಾರ" ಎಂದು ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತ ಗೊಣಗುತ್ತಿದ್ದ. ಬಸ್ಸಮ್ಮನಿಗೆ ಬಹಳ ದಿನಗಳ ಮೇಲೆ ನಗು ಬಂತು.

ಎರಡನೆಯ ವಾರದ ಕೊನೆಗೆ ಮೂತ್ರ ಉರಿಯತೊಡಗಿತು, ಭೇದಿಯಾಯಿತು, ಮೈ ಸೋತಿತು. ಅವಳು ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿದಳು. ಮಾತ್ರೆ ಕೊಟ್ಟರು, ಏನು ಉಣ್ಣಬೇಕು ಎಂದು ತಿಳಿಸಿದರು. ಕಡಿಮೆಯಾಯಿತು.

ಮೂರನೆಯ ವಾರದ ಬುಧವಾರ ಬೆಳಿಗ್ಗೆ, ಅವರು ಸ್ಟೇಷನ್ನಿಗೆ ಹೊರಡುವ ಹೊತ್ತಿಗೆ, ಜಿಲಾನಿ ಹೋದ ಸುದ್ದಿ ಬಂತು.

ದೇವೀಂದ್ರಪ್ಪ ಓಡಿದ. ಅಂಗಳದ ತುಂಬ ಜನ. ಅಮೀರ್ಬೀ ಅವನನ್ನು ನೋಡಿದವಳೇ ಎದ್ದು ಬಾಗಿಲಿಗೆ ಬಂದಳು.

"ಇವತ್ತು ಆಸ್ಪತ್ರೆ ಇಲ್ಲೇನು ನಿಂಗ?"

"ಬಾಬಿ, ಇವತ್ತು ಹ್ಯಾಂಗ ಹೋಗ್ಲಿ... ಒಂದಿನ ತಪ್ಪಿದ್ರ ಫೋನ್ ಮಾಡಿ ಹೇಳ್ರಿ, ಮುಂದ ಸೇರಸ್ತೀವಿ ಅಂದಾರ..."

"ಇವನೂ ಸೀಜನ್ ಮುಗೀಲಿ, ಮುಂದ ನೋಡೋಣ ಅಂದಿದ್ದ" ಎಂದಳು. "ಮಣ್ಣು ಕೊಡ್ಲಿಕ್ಕೆ ನೂರು ಮಂದಿ ಅದಾರ. ಆ ಮಶೀನಿನ ಕೆಳಗ ಮಲಗ್ಲಿಕ್ಕೆ ನೀ ಒಬ್ಬನೇ. ಹೋಗು."

ಅವನು ಒಳಗೆ ಹೋಗಿ ಜಿಲಾನಿಯ ಮುಖ ನೋಡಿದ. ಹೊರಬಂದು ಗಾಡಿ ಹತ್ತಿದ. ಸಂಜೆ ಮರಳಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಬರಸ್ತಾನದ ಗೇಟಿನಲ್ಲಿ ಹಸಿ ಮಣ್ಣನ್ನು ದೂರದಿಂದ ನೋಡುತ್ತ ನಿಂತ. ಬಸ್ಸಮ್ಮ ಸ್ವಲ್ಪ ಹಿಂದೆ ನಿಂತಳು. ಸುಳ್ಳು ಸಮಾಧಾನ ಹೇಳುವ ಮನಸ್ಸು ಅವಳಿಗೆ ಇರಲಿಲ್ಲ.

ನಾಲ್ಕು ವಾರ ಮುಗಿದವು. ಒಂದು ದಿನವೂ ತಪ್ಪಲಿಲ್ಲ. ಮುಂದಿನ ಇಂಜೆಕ್ಷನ್ನೂ ಆಯಿತು. ಉಳಿದ ಇಂಜೆಕ್ಷನ್‌ಗಳ ತಾರೀಖುಗಳನ್ನು ನಾಗರತ್ನಾ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಗೋಡೆಗೆ ತೂಗುಹಾಕಿದ್ದಾಳೆ. ರೋಗ ಸದ್ಯಕ್ಕೆ ಹಿಡಿತದಲ್ಲಿದೆ, ಒಳ್ಳೆಯ ಹೊತ್ತಿಗೆ ಬಂದಿರಿ, ಪರೀಕ್ಷೆ ಮಾತ್ರ ತಪ್ಪಿಸಬೇಡಿ ಎಂದಿದ್ದಾರೆ ಡಾಕ್ಟರು.

ಒಂದು ಮಧ್ಯಾಹ್ನ ದೇವೀಂದ್ರಪ್ಪ ಕಾರ್ಖಾನೆಗೆ ಹೋದ. ಭಾರ ಎತ್ತುವ ಕೆಲಸ ಅವನಿಗೆ ಇನ್ನಿಲ್ಲ. ಬುತ್ತಿ ಬಿಚ್ಚಿಕೊಂಡು ಕುಳಿತಿದ್ದ ಜನರ ಮುಂದೆ ಹೋಗಿ ನಿಂತ.

"ಬಂದ್ಯಾ? ಹರಳು ಬಿತ್ತೇನು?" ಎಂದ ಹಾಜಿಮಲಂಗ್.

"ಹರಳಲ್ಲ, ಕ್ಯಾನ್ಸರ್" ಎಂದ ದೇವೀಂದ್ರಪ್ಪ. "ಜಿಲಾನಿಗೆ ಬಂದಿದ್ದೇ. ಅವನು ಅರ್ಧಕ್ಕೆ ಬಿಟ್ಟಿದ್ದು ತನ್ನ ಬುದ್ಧಿಯಿಂದಲ್ಲ, ನಾ ಬಿಡಸಿದ್ದು. ಸೀಜನ್ ಹಾಳಾಗ್ತದಂತ ಬಿಡಸಿದೆ. ನನ್ನ ಸರದಿ ಬಂದಾಗ ಅವನೇ ನನ್ನ ದಬ್ಬಿ ಕಳಿಸಿದ. ಅವನ್ನ ಮಣ್ಣಿಗಿಟ್ಟು ಬಂದವ್ರು ನೀವು. ಅವನು ಯಾಕ ಸತ್ತ ಅಂತ ಗೊತ್ತಿರ್ಲಿ."

ಹಾಜಿಮಲಂಗ್ ತಲೆ ಕೆಳಗೆ ಹಾಕಿದ.

ಸಂಜೆ ಕಲ್ಲು ಕೊಯ್ಯುವ ಸೂಗಪ್ಪ ಮನೆಗೆ ಬಂದ. ಅಂಗಳದಲ್ಲಿ ಅತ್ತಿತ್ತ ನೋಡಿ, ದನಿ ತಗ್ಗಿಸಿ ಬಸ್ಸಮ್ಮನನ್ನೇ ಕೇಳಿದ. "ವೈನಿ, ನಂದೂ ವರ್ಷಾಯ್ತು. ನಿಂತು ನಿಂತು ಹನಿ ಹನಿ ಹೋಗ್ತದ. ಆ ರಕ್ತ ಪರೀಕ್ಷೆ ಎಲ್ಲಿ ಮಾಡ್ತಾರ?"

ಬಸ್ಸಮ್ಮ ಈ ಸಲ ಸುಮ್ಮನಿರಲಿಲ್ಲ. ಸೆರಗು ಸರಿಮಾಡಿಕೊಂಡು, "ಕುಂದ್ರಿ, ಹೇಳ್ತೀನಿ" ಎಂದಳು. ದೇವೀಂದ್ರಪ್ಪ ಕಾರ್ಖಾನೆಯಲ್ಲಿ ಆಡಿದ ಮಾತನ್ನು ಮರುದಿನ ಅಮೀರ್ಬೀಗೆ ಹೋಗಿ ಹೇಳಿದಳು. ಅಮೀರ್ಬೀ ಕೇಳಿಸಿಕೊಂಡಳು. "ಮೂರು ವರ್ಷ ತಡ ಆಯ್ತು" ಎಂದು ಒಳಗೆ ಹೋದಳು.

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಐವತ್ತು ದಾಟಿದ ಗಂಡಸರಿಗೆ ಮೂತ್ರ ತಡೆದು ತಡೆದು ಹೋಗುತ್ತಿದ್ದರೆ, ರಾತ್ರಿ ಮೂತ್ರಕ್ಕೆ ಮತ್ತೆ ಮತ್ತೆ ಏಳಬೇಕಾಗುತ್ತಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ಬೆನ್ನು, ಸೊಂಟದ ನೋವು ಬಿಡದೆ ಕಾಡಿದರೆ ಡಾಕ್ಟರಿಗೆ ತೋರಿಸಿ. ಎಲ್ಲವೂ ಕ್ಯಾನ್ಸರ್ ಅಲ್ಲ. ವಯಸ್ಸಿಗೆ ಗ್ರಂಥಿ ಊದಿಕೊಂಡರೂ ಹೀಗಾಗುತ್ತದೆ. ಯಾವುದು ಎಂದು ಪರೀಕ್ಷೆ ಹೇಳಬೇಕು, ನಾವು ಊಹಿಸಬಾರದು. ಜೋರಾಗಿ ಬೆಳೆಯುವ ಕ್ಯಾನ್ಸರ್ ಇದೆ, ಅದಕ್ಕೆ ಹಾರ್ಮೋನ್ ಇಂಜೆಕ್ಷನ್ ಮತ್ತು ವಿಕಿರಣ ಎರಡೂ ಬೇಕು ಎಂದು ಡಾಕ್ಟರು ಹೇಳಿದರೆ ಎರಡನ್ನೂ, ಹೇಳಿದಷ್ಟು ದಿನ ತೆಗೆದುಕೊಳ್ಳಿ. ನಂಬರು ಇಳಿಯುವುದು ಇಂಜೆಕ್ಷನ್ ಕೆಲಸ ಮಾಡುತ್ತಿದೆ ಎಂಬುದರ ಗುರುತು, ರೋಗ ಮುಗಿಯಿತು ಎಂಬುದರ ಗುರುತಲ್ಲ. ತೊಂದರೆಯಾದರೆ ಡಾಕ್ಟರಿಗೆ ಹೇಳಿ, ನೀವಾಗಿ ಬಿಡಬೇಡಿ. ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಜೊತೆಗೆ ಒಯ್ದು ಸರ್ಕಾರದ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ಕೇಳಿ. ದಾರಿ ಗೊತ್ತಿಲ್ಲದಿದ್ದರೆ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಹಿಡಿಯಿರಿ.

ಮನೆಯ ಹೆಂಗಸರಿಗೆ ಇನ್ನೊಂದು ಮಾತು. ಇದು ಗಂಡಸರ ವಿಷಯ ಎಂದು ಸುಮ್ಮನಾಗಬೇಡಿ. ಬಟ್ಟೆ ಒಗೆಯುವವರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಇವತ್ತೇ ಕೇಳಿ. ಸಿಟ್ಟು ಮಾಡಿದರೆ ಮಾಡಲಿ, ಬೈದರೆ ಬೈಸಿಕೊಳ್ಳಿ. ಮನುಷ್ಯ ಉಳಿದರೆ ಜಗಳ ಯಾವತ್ತಾದರೂ ಬಗೆಹರಿಸಿಕೊಳ್ಳಬಹುದು.